ಮೀನಿನ ಮಡಿ

ಹಗಲು ಹೊತ್ತು ನಾನು ಆಲಮಟ್ಟಿಯಲ್ಲಿ, ಕಾಲುವೆಗೆ ಎಷ್ಟು ನೀರು ಬಿಡಬೇಕೆಂದು ನೋಡುವ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಸಂಜೆ ಬಸವನ ಬಾಗೇವಾಡಿಯ ಮನೆಗೆ ಬಂದು ಬಕೀಟಿನಲ್ಲಿ ಸಮುದ್ರ ಕಲಸುತ್ತೇನೆ. ಕಣ್ಣೆದುರಿಗೆ ಕೃಷ್ಣೆಯ ಅಷ್ಟು ಸಿಹಿನೀರು ಇಟ್ಟುಕೊಂಡು, ಅದಕ್ಕೆ ಉಪ್ಪು ಹಾಕಿ ಮೀನು ಸಾಕುವ ಮನುಷ್ಯ ನಮ್ಮ ತಾಲೂಕಿನಲ್ಲಿ ಇನ್ನೊಬ್ಬನಿದ್ದರೆ ಅವನನ್ನು ನೋಡುವ ಆಸೆ ನನಗಿದೆ. ಅವನ ಹೆಂಡತಿಯನ್ನು ನೋಡುವ ಆಸೆ ನನ್ನ ಹೆಂಡತಿಗಿದೆ.

ಇಂಥ ಹವ್ಯಾಸ ನನ್ನಂಥವನಿಗೆ ಸಲ್ಲದ್ದು. ನಾನು ಬಸ್ಸು ಹತ್ತಿದ ಮೇಲೆ ಗ್ಯಾಸ್ ಬಂದ್ ಮಾಡಿದ್ದಾರೋ ಇಲ್ಲವೋ ಎಂದು ಮನೆಗೆ ಫೋನ್ ಮಾಡುವವನು. ಆ ಹೊತ್ತಿಗೆ ಮನೆಯಲ್ಲಿ ಒಲೆಯ ಮೇಲೆ ಭಕ್ರಿ ಬೇಯುತ್ತಿರುತ್ತದೆ. ಹೆಂಡತಿ ಸಾಲೆಯ ಶಿಕ್ಷಕಿ, ದಿನವೂ ನಲವತ್ತು ಮಕ್ಕಳನ್ನು ಸಂಭಾಳಿಸಿ ಬರುವವಳು. "ನಿಮ್ಮ ಸಲುವಾಗಿ ಬೆಂಕಿ ಹಚ್ಚಿಕೊಂಡು ಕುಳಿತೀನ್ರಿ, ಬಂದ್ ಮಾಡ್ಲೇನು?" ಎಂದು ಕೇಳುತ್ತಾಳೆ. ಇಂಥವನ ಕೈಯಲ್ಲಿ ಸಮುದ್ರದ ಮೀನು ಸಿಕ್ಕರೆ ಏನಾಗುತ್ತದೆ? ಮೀನು ಆರಾಮ ಇರುತ್ತದೆ, ಮನುಷ್ಯ ಸೊರಗುತ್ತಾನೆ.

ಪಡಸಾಲೆಯ ದೊಡ್ಡ ತೊಟ್ಟಿಯಲ್ಲಿ ಆಗ ಇದ್ದದ್ದು ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟಿ ಇರುವ ಎರಡು ಕ್ಲೌನ್ ಮೀನು, ಉದ್ದ ಮೀಸೆಯ ಒಂದು ಕೆಂಪು ಸಿಗಡಿ, ಮತ್ತು ಒಂದು ಕಲ್ಲಿಗೆ ಅಂಟಿಕೊಂಡ ಅನಿಮೋನ್. ಅನಿಮೋನ್ ನೋಡಲು ಹೂವು, ಆದರೆ ಪ್ರಾಣಿ. ದೀಪ ಹೊತ್ತಿಸಿದರೆ ಎಸಳೆಸಳಾಗಿ ಬಿಚ್ಚಿಕೊಳ್ಳುತ್ತದೆ, ಆರಿಸಿದರೆ ಮುದುಡುತ್ತದೆ. ಕ್ಲೌನ್ ಮೀನುಗಳು ಅದರ ಎಸಳಿನೊಳಗೇ ಮಲಗುತ್ತವೆ.

ಅದಕ್ಕೆ ಕಮಲ ಎಂದು ಹೆಸರಿಟ್ಟವಳು ಆತ್ಯಾ. ಆತ್ಯಾ ಅಂದರೆ ನಮ್ಮ ಅಪ್ಪನ ಅಕ್ಕ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ ಆಡುವ ವೈಷ್ಣವರು ನಾವು, ಹಾಗಾಗಿ ಸೋದರತ್ತೆ ಆತ್ಯಾ ಆದಳು. ಎಂಬತ್ತು ದಾಟಿದರೂ ಅವಳ ಮಡಿ ಸಡಿಲಾಗಿಲ್ಲ. ಬೆಳಿಗ್ಗೆ ಮಡಿ ಸೀರೆ ಉಟ್ಟಳೆಂದರೆ ಪೂಜೆ, ಅಡುಗೆ ಮುಗಿಯುವವರೆಗೆ ನಾವು ಅವಳ ಹತ್ತಿರ ಸುಳಿಯುವಂತಿಲ್ಲ. ವೈಷ್ಣವರ ಮನೆಗೆ ಮೀನು ಬಂದಾಗ ಅವಳೇ ತಕರಾರು ತೆಗೆಯುತ್ತಾಳೆ ಎಂದು ನಾನು ವಾರಗಟ್ಟಲೆ ಹೆದರಿದ್ದೆ. ಅವಳು, "ಮತ್ಸ್ಯ ಮೊದಲನೇ ಅವತಾರ. ಉಳಿದವೆಲ್ಲಾ ಆಮ್ಯಾಲಿನವು" ಎಂದು ಒಳಗೆ ಹೋದಳು.

ಆದರೆ ಅವಳು ದಿನಾ ನೋಡುತ್ತಿದ್ದದ್ದು ಮೀನನ್ನಲ್ಲ. ಅವಳ ಕಣ್ಣು ಮಂಜಾಗಿವೆ. "ಮೀನ ಕಣ್ಣಾಗ ನಿಲ್ಲೂದಿಲ್ಲೋ, ಸರ್ರಂತ ಹೋಗಿಬಿಡ್ತಾವ. ಕಮಲ ನಿಲ್ತದ" ಅನ್ನುತ್ತಿದ್ದಳು. ಪೂಜೆ ಮುಗಿಸಿ, ತೀರ್ಥ ಕೊಟ್ಟು, ಸ್ಟೂಲು ಎಳೆದುಕೊಂಡು ತೊಟ್ಟಿಯ ಮುಂದೆ ಕೂರುತ್ತಿದ್ದಳು. ಕಮಲ ಪೂರ್ತಿ ಅರಳಿದ ಮೇಲೆಯೇ ಅವಳ ಊಟ.

ಇಷ್ಟಿದ್ದರೆ ಸಾಕಿತ್ತು. ನನಗೆ ನೀಲಿ ಟ್ಯಾಂಗ್ ಮೀನು ಬೇಕು ಅನಿಸಿತು.

ಅದು ಮುಂಬೈಯಿಂದ ಥರ್ಮಾಕೋಲ್ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ಬಸ್ಸಿನಲ್ಲಿ ವಿಜಯಪುರಕ್ಕೆ ಬಂತು. ಅಲ್ಲಿಂದ ಬಾಗೇವಾಡಿಗೆ ನನ್ನ ತೊಡೆಯ ಮೇಲೆ ಬಂತು. ಪಕ್ಕದಲ್ಲಿ ಕೂತ ಹಿರಿಯರು ಡಬ್ಬಿಯನ್ನೇ ನೋಡುತ್ತ, "ಐಸ್‌ಕ್ರೀಮ್ ಐತೇನ್ರಿ?" ಎಂದು ಕೇಳಿದರು.

"ಇಲ್ರಿ, ಮೀನು."

"ಎಲ್ಲಿ ನೌಕರಿ ತಮ್ಮದು?"

"ಆಲಮಟ್ಟಿ ರೀ."

ಅವರು ಡಬ್ಬಿಯನ್ನು ಇನ್ನೊಮ್ಮೆ ನೋಡಿ, "ಆಲಮಟ್ಟ್ಯಾಗ ಇದ್ದು ಬಿಜಾಪುರದಿಂದ ಮೀನ ಒಯ್ಯಾಕತ್ತೀರಲ್ರಿ" ಎಂದರು. ನಾನು ಡಬ್ಬಿಯನ್ನು ಇನ್ನೊಂದು ತೊಡೆಗೆ ಸರಿಸಿಕೊಂಡೆ.

ಹೊಸ ಮೀನನ್ನು ತಂದ ದಿನವೇ ದೊಡ್ಡ ತೊಟ್ಟಿಗೆ ಬಿಡಬಾರದು. ಅದರ ಮೈಯಲ್ಲಿ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಇದ್ದರೆ ಇದ್ದ ಮೀನುಗಳೂ ಹೋಗುತ್ತವೆ. ಆದ್ದರಿಂದ ಸಣ್ಣ ತೊಟ್ಟಿಯೊಂದರಲ್ಲಿ, ಬೇರೆ ನೀರು, ಬೇರೆ ಬಲೆ, ಬೇರೆ ಮಗ್ಗು ಇಟ್ಟುಕೊಂಡು ತಿಂಗಳಿಗಿಂತ ಹೆಚ್ಚು ಕಾಲ ಅದನ್ನು ಪ್ರತ್ಯೇಕ ಇಡಬೇಕು. ಕ್ವಾರಂಟೈನ್. ಕೊರೋನಾ ಬಂದು ಹೋದ ಮೇಲೆ ಈ ಶಬ್ದ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ನನ್ನ ಹೆಂಡತಿ ಒಂದೇ ಮಗ್ಗನ್ನು ಎರಡೂ ಕಡೆ ಅದ್ದುತ್ತಿದ್ದಳು, ನಾನು ಕೂಗುತ್ತಿದ್ದೆ, ಅವಳು ಮಗ್ಗನ್ನು ಕೆಳಗಿಟ್ಟು ನೀವೇ ಮಾಡಿಕೊಳ್ಳಿ ಅನ್ನುತ್ತಿದ್ದಳು.

ಒಮ್ಮೆ ಈ ಜಗಳದ ನಡುವೆ ಆತ್ಯಾ ಏನು ಗದ್ದಲ ಎಂದು ಕೇಳಿದಳು. ನನಗೆ ಥಟ್ಟನೆ ಹೊಳೆಯಿತು. "ಆತ್ಯಾ, ದೊಡ್ಡ ತೊಟ್ಟಿ ಮಡಿ. ಸಣ್ಣ ತೊಟ್ಟಿ ಮೈಲಿಗಿ. ಅದನ್ನ ಮುಟ್ಟಿ ಇದನ್ನ ಮುಟ್ಟಬಾರದು" ಎಂದೆ.

"ಇಷ್ಟಽ ಹೌದಲ್ಲೋ? ಅದಕ್ಯಾಕ ಇಂಗ್ಲೀಷು?" ಎಂದಳು. ಆಮೇಲೆ, "ಎಷ್ಟು ದಿನ ಮೈಲಿಗಿ?"

"ಒಂದೂವರಿ ತಿಂಗಳು."

"ಅಯ್ಯಽ! ಸತ್ತರ ಹತ್ತು ದಿನ. ಬಂದರ ಒಂದೂವರಿ ತಿಂಗಳೇನೋ?"

ಆದರೆ ಆವತ್ತಿನಿಂದ ಮನೆಯಲ್ಲಿ ಕ್ವಾರಂಟೈನ್ ಅಂದರೆ ಏನೆಂದು ನಾನು ಕಂಡೆ. ಪಕ್ಕದ ಕೋಣೆಯಲ್ಲಿದ್ದ ಸಣ್ಣ ತೊಟ್ಟಿಯ ಮಗ್ಗು ಪಡಸಾಲೆಯ ಹೊಸ್ತಿಲು ದಾಟಲಿಲ್ಲ. ಹೆಂಡತಿ ಸಣ್ಣದರ ಗಾಜು ಒರೆಸಿ ಈಚೆ ಬಂದರೆ, "ಕೈ ತೊಳಿ" ಎಂದು ಒಳಗಿನಿಂದ ದನಿ ಬರುತ್ತಿತ್ತು. ಇಂಗಳೇಶ್ವರದಿಂದ ಬೈಕಿನಲ್ಲಿ ಬರುವ ನನ್ನ ಕಚೇರಿಯ ಗೆಳೆಯ ಒಮ್ಮೆ ದೊಡ್ಡ ತೊಟ್ಟಿಯ ಮುಚ್ಚಳಕ್ಕೆ ಕೈ ಹಾಕಿದ. ಆತ್ಯಾ ಅವನನ್ನು ಬಾಗಿಲ ತನಕ ಹಿಂದೆ ಸರಿಸಿದಳು.

ಅವನು ಹೊರಗೆ ಬಂದು ನನಗೆ ಹೇಳಿದ: "ಹೊಸಾ ಎಮ್ಮಿ ತಂದ್ರ ನಾವೂ ನಾಕ್ ದಿನ ಬ್ಯಾರೆ ಗೂಟಕ್ಕ ಕಟ್ತೀವ್ರಿ ಸಾಹೇಬ್ರ. ಆದ್ರ ಎಮ್ಮಿ ಹಾಲ ಕೊಡತೈತಿ. ಇದೇನ ಕೊಡತೈತ್ರಿ?"

"ಸಮಾಧಾನ ಕೊಡ್ತದ" ಎಂದೆ.

"ನಿಮ್ಮ ಮಾರಿ ನೋಡಿದ್ರ ಹಂಗೇನ ಕಾಣವಲ್ದು ಬಿಡ್ರಿ."

ಕಾಣುವಂತಿರಲಿಲ್ಲ ನಿಜ. ಬಂದ ಕೆಲವೇ ದಿನಗಳಲ್ಲಿ ಟ್ಯಾಂಗಿನ ನೀಲಿ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಎದ್ದವು. ಇದಕ್ಕೆ ಔಷಧ ತಾಮ್ರ. ತಾಮ್ರದ ದ್ರಾವಣವನ್ನು ಹನಿ ಹನಿಯಾಗಿ ನೀರಿಗೆ ಬಿಟ್ಟು, ಪರೀಕ್ಷೆಯ ಕೊಳವೆಯಲ್ಲಿ ಬಣ್ಣ ನೋಡಿ, ಹದ ಕಾಯಬೇಕು. ಕಡಿಮೆಯಾದರೆ ರೋಗ ಹೋಗುವುದಿಲ್ಲ, ಹೆಚ್ಚಾದರೆ ಮೀನು ಹೋಗುತ್ತದೆ. ಇನ್ನೊಂದು ಮಾತು: ಮೀನು ತಡೆದುಕೊಳ್ಳುವ ಈ ತಾಮ್ರವನ್ನು ಸಿಗಡಿ, ಅನಿಮೋನ್‌ಗಳು ತಡೆದುಕೊಳ್ಳುವುದಿಲ್ಲ. ಅವುಗಳಿಗೆ ಅದು ಬರೀ ವಿಷ. ಸಣ್ಣ ತೊಟ್ಟಿಯ ಹನಿ ನೀರು ದೊಡ್ಡದಕ್ಕೆ ಹೋದೀತೆಂದು ನಾನು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದೆ. ಕಚೇರಿಯಲ್ಲಿ ಕೂತು ಅಂಗಿಯ ತೋಳು ಮೂಸಿ ನೋಡುತ್ತಿದ್ದೆ. ತಾಮ್ರಕ್ಕೆ ವಾಸನೆ ಇಲ್ಲ ಎನ್ನುವುದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆಯಲ್ಲಿ ತೊಟ್ಟಿಯ ನೀರು ಆವಿಯಾಗಿ ದಿನಾ ಇಳಿಯುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ, ಹಾಗಾಗಿ ಇಳಿದಷ್ಟು ಸಿಹಿನೀರನ್ನು ದಿನಾ ತುಂಬಬೇಕು. ಅದೂ ನಲ್ಲಿಯ ನೀರಲ್ಲ, ಅಡುಗೆ ಮನೆಯ ಫಿಲ್ಟರ್ ಯಂತ್ರದ ಶುದ್ಧ ನೀರು. ನಾನು ಆಲಮಟ್ಟಿಗೆ ಹೋದರೆ ಬರುವುದು ಸಂಜೆ. ಹೆಂಡತಿಗೆ ಆಗ ಪೇಪರು ತಿದ್ದುವ ಕೆಲಸ ಹತ್ತಿತ್ತು, ದಿನಾ ಬೆಳಿಗ್ಗೆ ಬಸ್ಸು ಹಿಡಿದು ವಿಜಯಪುರ. ಉಳಿದವಳು ಆತ್ಯಾ. ನೀಲಿ ಮುಚ್ಚಳದ ಬಕೀಟಿನಲ್ಲಿ ಯಂತ್ರದ ನೀರು ತುಂಬಿಟ್ಟು, ಎರಡೂ ತೊಟ್ಟಿಗಳ ಗಾಜಿನ ಮೇಲೆ ಗೆರೆ ಎಳೆದು, ಇಲ್ಲಿಯವರೆಗೆ ಹಾಕು ಎಂದು ತೋರಿಸಿದೆ. ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳುವಾಗ ಅವಳು, "ನಿನಗ ಮುಂಜಿವಿ ಆಗೂ ಮೊದಲಿಂದ ನಾ ನೀರ ತುಂಬ್ಲಿಕ್ಕೆ ಹತ್ತೀನಿ" ಎಂದಳು.

ಕಮಲ ಅರಳದಿರುವುದನ್ನು ಮೊದಲು ನೋಡಿದವಳೂ ಅವಳೇ. ನಾನು ಸಂಜೆ ಬಂದಾಗ ಸ್ಟೂಲಿನ ಮೇಲೆ ಕೂತೇ ಇದ್ದಳು.

"ಇವತ್ತು ಬಿಚ್ಚಲೇ ಇಲ್ಲ ನೋಡೋ."

"ಒಂದೊಂದು ದಿನ ಹಂಗಽ ಇರ್ತದ ಆತ್ಯಾ."

"ಊಟಾ ಮಾಡಿಬಿಟ್ಟೆ ನಾನು" ಎಂದಳು, ತಪ್ಪು ಮಾಡಿದವಳ ಹಾಗೆ.

ಮರುದಿನವೂ ಅರಳಲಿಲ್ಲ. ಅದರ ಮರುದಿನ ಕಲ್ಲಿನ ಮೇಲೆ ಮುಷ್ಟಿಯಷ್ಟು ಮುದ್ದೆಯಾಗಿತ್ತು. ಕ್ಲೌನ್ ಮೀನುಗಳು ಮನೆ ಕಳೆದುಕೊಂಡವರಂತೆ ಥರ್ಮಾಮೀಟರಿಗೆ ಮೈ ಒರೆಸುತ್ತ ನಿಂತಿದ್ದವು. ನಾನು ಉಪ್ಪಿನ ಪ್ರಮಾಣ ನೋಡಿದೆ, ಶಾಖ ನೋಡಿದೆ. ಎಲ್ಲ ಸರಿ ಇತ್ತು. ಸರಿ ಇದ್ದದ್ದು ನನಗೆ ಇನ್ನೂ ಗಾಬರಿ ತಂದಿತು. ಕರೆಂಟ್ ಹೋಗಿ ಬಂದದ್ದೇ? ಊದಿನಕಡ್ಡಿಯ ಹೊಗೆಯೇ? ಹೆಂಡತಿ ಸೊಳ್ಳೆಗೆ ಏನೋ ಹೊಡೆದಳೇ? ಕೇಳಿದೆ. ಅವಳು ಸಿಂದಗಿಯ ತವರಿಗೆ ಹೋಗಿ ಒಂದು ವಾರ ಇರುವ ಬಗ್ಗೆ ಮಾತಾಡಿದಳು. ಗೆಳೆಯ ಮುಚ್ಚಳ ಮುಟ್ಟಿದಾಗ ಅವನ ಕೈಗೆ ಹೊಲದ ಔಷಧಿ ಹತ್ತಿತ್ತೇ ಎಂದು ಅವನಿಗೂ ಫೋನ್ ಮಾಡಿದೆ. "ಅದಾಗಿ ತಿಂಗಳಾತ್ರಿ ಸಾಹೇಬ್ರ, ನನಗ ನೆನಪಿಲ್ಲ, ಕಮಲವ್ವಗ ಹೆಂಗ ನೆನಪುಳದೈತಿ?" ಎಂದ.

ಮುಂದೆ ಸಿಗಡಿ ಸತ್ತಿತು. ಕಲ್ಲಿನ ಸಂದಿಯಲ್ಲಿ ಮೀಸೆ ಬಾಡಿ ಬಿದ್ದಿತ್ತು. ಸಿಗಡಿ ಸತ್ತಿದೆ, ಕಮಲ ಮುದುಡಿದೆ, ಮೀನು ಆರಾಮ ಇವೆ. ಅಂದರೆ ಕಾರಣ ಒಂದೇ, ತಾಮ್ರ. ಸಣ್ಣ ತೊಟ್ಟಿಗೆಂದು ತಂದಿದ್ದ ಕೊಳವೆಯಲ್ಲಿ ದೊಡ್ಡ ತೊಟ್ಟಿಯ ನೀರು ಹಾಕಿ ತಾಮ್ರ ಪರೀಕ್ಷೆ ಮಾಡಿದೆ. ಬಣ್ಣ ಏರಿತು.

ಇಷ್ಟು ತೊಳೆದರೂ ನನ್ನ ಕೈಯಿಂದಲೇ ಹೋಯಿತು ಎಂದುಕೊಂಡೆ. ನಾಳೆ ಆತ್ಯಾಳಿಗೆ ಹೇಗೆ ಹೇಳುವುದು ಎಂದು ತಾಲೀಮು ಮಾಡುತ್ತ ಮಲಗಿದೆ.

ಮರುದಿನ ಭಾನುವಾರ. ಹಲ್ಲುಜ್ಜುತ್ತಿದ್ದೆ. ಹೆಂಡತಿ ಬಂದು ಪಿಸುದನಿಯಲ್ಲಿ, "ರೀ, ಪಡಸಾಲಿಗೆ ಬರ್ರಿ. ಒದರಬ್ಯಾಡ್ರಿ" ಎಂದಳು.

ಆತ್ಯಾ ಮಡಿ ಸೀರೆಯಲ್ಲಿ ದೊಡ್ಡ ತೊಟ್ಟಿಯ ಮುಂದೆ ನಿಂತಿದ್ದಳು. ಪಕ್ಕದಲ್ಲಿ ಅವಳ ತಾಮ್ರದ ಕೊಡ, ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಕ್ಕೆ ಕೆಂಡದಂತೆ ಹೊಳೆಯುತ್ತಿತ್ತು. ಅದರೊಳಗಿಂದ ತಾಮ್ರದ ತಂಬಿಗೆಯಲ್ಲಿ ನೀರು ತೆಗೆದು, ಏನೋ ಅಂದುಕೊಳ್ಳುತ್ತ, ಒಂದು ಹನಿ ಚೆಲ್ಲದ ಹಾಗೆ ತೊಟ್ಟಿಗೆ ಬಿಡುತ್ತಿದ್ದಳು.

ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಕೇಳಿದೆ: "ಆತ್ಯಾ, ಅದೆಲ್ಲೀ ನೀರು?"

"ಯಂತ್ರದ್ದಽ. ರಾತ್ರಿನಽ ಕೊಡದಾಗ ತುಂಬಿ ಇಟ್ಟಿರ್ತೀನಿ."

"ಬಕೀಟಿನ್ಯಾಗಿಂದು ಅಂತ ಹೇಳಿದ್ನೆಲ್ಲಾ?"

"ಬಕೀಟಿಂದು ಸಣ್ಣದಕ್ಕ ಹಾಕ್ತೀನಿ. ದೊಡ್ಡದು ಮಡಿ ಅಂತ ನೀನಽ ಹೇಳೀದಿ. ಮಡಿಗೆ ಪ್ಲಾಸ್ಟಿಕ್ ನೀರು ಯಾರು ಹಾಕ್ತಾರೋ?"

ಶುದ್ಧ ನೀರಿಗೆ ಸಿಕ್ಕಿದ್ದನ್ನು ಕರಗಿಸಿಕೊಳ್ಳುವ ಗುಣ ಇದೆ. ಅದನ್ನು ಹುಳಿ ಹಚ್ಚಿ ಉಜ್ಜಿದ ತಾಮ್ರದಲ್ಲಿ ರಾತ್ರಿಯಿಡೀ ಇಟ್ಟರೆ ತಾಮ್ರ ಇಷ್ಟಿಷ್ಟೇ ನೀರಿಗೆ ಇಳಿಯುತ್ತದೆ. ದಿನಾ ತೊಟ್ಟಿಗೆ ಬಿದ್ದರೆ ನೀರು ಮಾತ್ರ ಆವಿಯಾಗಿ ಹೋಗುತ್ತದೆ, ತಾಮ್ರ ಕೂಡುತ್ತ ಬರುತ್ತದೆ. ಬೇರೆ ಯಾರ ಮನೆಯಲ್ಲಾದರೂ ಮೈಲಿಗೆಯ ತೊಟ್ಟಿಗೆ ಪ್ಲಾಸ್ಟಿಕ್ಕು, ಮಡಿಯ ತೊಟ್ಟಿಗೆ ತಾಮ್ರ ಎನ್ನುವ ವ್ಯವಸ್ಥೆ ಆಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆಯಿತು. ಮಡಿ ಎಂಬ ಮಾತನ್ನು ತಂದು ಜಾಣತನ ಮೆರೆದವನು ನಾನು. ಅವಳು ಅದನ್ನು ನನಗಿಂತ ಸರಿಯಾಗಿ ಅರ್ಥ ಮಾಡಿಕೊಂಡಿದ್ದಳು, ಅಷ್ಟೇ.

"ಆತ್ಯಾ, ಕಮಲಕ್ಕ ತಾಮ್ರ ಆಗೂದಿಲ್ಲ."

"ದೇವರಿಗೆ ಆಗ್ತದ. ಇದಕ್ಕ ಆಗೂದಿಲ್ಲೇನು?"

"ಆಗೂದಿಲ್ಲ. ವಿಷ ಅದು, ಅದಕ್ಕ."

ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ತಾಲೀಮು ಮಾಡಿದ ಮಾತುಗಳಲ್ಲಿ ಈ ಶಬ್ದ ಇರಲಿಲ್ಲ.

ಆತ್ಯಾ ತಂಬಿಗೆಯನ್ನು ಕೊಡದ ಬಾಯಿಯ ಮೇಲೆ ಇಟ್ಟಳು. "ಸಿಗಡಿನೂ ಇದಕ್ಕಽ ಹೋತೇನು?"

"ಹೂಂ."

"ಕಮಲ?"

"ಗೊತ್ತಿಲ್ಲ ಆತ್ಯಾ. ಈ ನೀರಾಗ ಇದ್ದರ ಉಳಿಯೂದಿಲ್ಲ."

"ಹಂಗಾದರ ಮಾರಿ ನೋಡಕೋತ ಯಾಕ ನಿಂತೀದಿ? ತಗಿ ಅದನ್ನ."

ತೆಗೆದು ಎಲ್ಲಿ ಇಡುವುದು? ಸಣ್ಣ ತೊಟ್ಟಿಯಲ್ಲಿ ತಾಮ್ರ ನಾನೇ ಹಾಕಿದ್ದೆ. ಬಕೀಟುಗಳಲ್ಲಿ ಹೊಸ ಉಪ್ಪುನೀರು ಕಲಸಬೇಕು, ದೊಡ್ಡ ತೊಟ್ಟಿಯ ನೀರನ್ನು ಮತ್ತೆ ಮತ್ತೆ ಬದಲಿಸಬೇಕು. ಉಳಿದ ಒಂದು ಬಕೀಟು ಸೋಪಿನ ಪುಡಿಯದು. ಸ್ಟೀಲಿನ ಪಾತ್ರೆಗಳನ್ನೆಲ್ಲ ಹೆಂಡತಿ ತಂದು ತೋರಿಸಿದಳು, ನಾನು ಲೋಹ ಬೇಡ ಬೇಡ ಎನ್ನುತ್ತಿದ್ದೆ. ಬಾಯಲ್ಲಿ ಇನ್ನೂ ಪೇಸ್ಟು ಇತ್ತು.

ಆತ್ಯಾ ಅಡುಗೆ ಮನೆಯ ಒಳಗಿನಿಂದ, "ಬಾ ಇಲ್ಲೆ" ಎಂದಳು.

ಉಪ್ಪಿನಕಾಯಿಯ ಚೀನಿ ಭರಣಿ, ನಮ್ಮ ಅಜ್ಜಿಯ ಕಾಲದ್ದು. ಅಗಲ ಬಾಯಿ, ಒಂದು ಕೊಡ ನೀರು ಹಿಡಿಯುತ್ತದೆ. ಆ ವರ್ಷದ ಮಾವಿನಕಾಯಿಗೆಂದು ಬಿಸಿನೀರಿನಲ್ಲಿ ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಬಟ್ಟೆ ಕಟ್ಟಿ ಇಟ್ಟಿದ್ದಳು. ಮಡಿಯಲ್ಲಿ ಇಲ್ಲದವರ ನೆರಳೂ ಅದಕ್ಕೆ ತಾಗಬಾರದು. ನಾನು ಚಿಕ್ಕವನಿದ್ದಾಗ ಒಮ್ಮೆ ಮುಟ್ಟಿದ್ದಕ್ಕೆ ಅಷ್ಟೂ ಉಪ್ಪಿನಕಾಯಿ ಓಣಿಗೆಲ್ಲ ಹಂಚಿ ಹೋಗಿತ್ತು.

"ಇದರಾಗ ಆಗ್ತದೇನು?"

"ಆಗ್ತದ. ಆದರ ನಾ ಇನ್ನೂ ಸ್ನಾನ..."

"ಮುಟ್ಟು. ತಗೊಂಡು ನಡಿ."

ನಾನು ಲುಂಗಿಯ ಮೇಲೆ, ಬಾಯಿ ಮುಸುರೆಯಲ್ಲಿ, ಆ ಭರಣಿಯನ್ನು ಎತ್ತಿಕೊಂಡು ಪಡಸಾಲೆಗೆ ಬಂದೆ. ಹಳೆಯ ಭರಣಿಯ ಮೆರುಗಿನಲ್ಲಿ ಸೀಸ ಇರುತ್ತದೆ ಎಂದು ಎಲ್ಲೋ ಓದಿದ್ದು ಅದೇ ಹೊತ್ತಿಗೆ ನೆನಪಾಯಿತು. ಹೆಂಡತಿಗೆ ಹೇಳಿದೆ. "ಹುಟ್ಟಿದಾಗಿಂದ ನೀವು ಅದರಾಗಿಂದಽ ತಿಂದೀರಿ. ನಿಮಗೇನಾಗೇದ?" ಎಂದವಳು ಸ್ವಲ್ಪ ಯೋಚಿಸಿ, "ಇರಲಿ, ಅದನ್ನ ಕೇಳೂದು ಬ್ಯಾಡ" ಎಂದಳು.

ಹೊಸ ಉಪ್ಪುನೀರು ಕಲಸಿ, ಕಲ್ಲಿನ ಸಮೇತ ಕಮಲವನ್ನು ಎತ್ತಿ ಭರಣಿಗೆ ಇಳಿಸಿದೆವು. ಗುಳ್ಳೆ ಬಿಡುವ ನಳಿಕೆ ಇಟ್ಟೆ. ಭರಣಿಯ ಸುತ್ತ ತೋಯ್ದ ಪಂಚೆ ಸುತ್ತಿದೆವು, ಇಲ್ಲದಿದ್ದರೆ ಆ ಬಿಸಿಲಿಗೆ ನೀರು ಕಾದು ಹೋಗುತ್ತಿತ್ತು. ಅದಕ್ಕೆ ಬೆಳಕು ಬೇಕು ಎಂದೆ. ಆತ್ಯಾ ಭರಣಿಯನ್ನು ಬೆಳಕಿಂಡಿಯ ಕೆಳಗೆ ಇಡಿಸಿದಳು. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಕೋಲು ಹೊತ್ತಿಗೊಂದು ಜಾಗಕ್ಕೆ ಸರಿಯುತ್ತದೆ. ಅದು ಸರಿದ ಹಾಗೆ ಭರಣಿಯೂ ಸರಿಯಬೇಕಾಯಿತು. ರಜೆಯ ದಿನ ನಾನು, ಉಳಿದ ದಿನ ಅವಳೇ, ಕೆಳಗೆ ಗೋಣಿಚೀಲ ಹಾಕಿ ಎಳೆಯುತ್ತಿದ್ದಳು.

ದೊಡ್ಡ ತೊಟ್ಟಿಯ ನೀರು ಬದಲಿಸಿ ಬದಲಿಸಿ, ಇದ್ದಿಲಿನ ಚೀಲ ಇಟ್ಟು ಇಟ್ಟು ತಾಮ್ರ ಇಳಿಸಲು ಬಹಳ ದಿನ ಹಿಡಿದವು. ಕಲ್ಲು ಹೀರಿಕೊಂಡಿದ್ದನ್ನು ಮತ್ತೆ ಮತ್ತೆ ಬಿಡುತ್ತಿತ್ತು. ಆ ನಡುವೆ ಗೆಳೆಯ ತನ್ನ ಹೊಲದ ಗಿಡದ ಮಾವಿನಕಾಯಿಯನ್ನು ಒಂದು ಚೀಲ ತುಂಬಿಕೊಂಡು ಬಂದ. ಪ್ರತಿ ವರ್ಷ ತರುತ್ತಾನೆ, ಆತ್ಯಾಳ ಉಪ್ಪಿನಕಾಯಿಯಲ್ಲಿ ಅವನದೂ ಪಾಲು. ಭರಣಿಯೊಳಗೆ ಬಗ್ಗಿ ನೋಡಿದ.

"ಸಾಹೇಬ್ರ, ಏನ ಉಪ್ಪಿನಕಾಯಿರಿ ಇದು? ಉಸಿರಾಡಾಕತ್ತೈತಿ!"

"ಗದ್ದಲ ಮಾಡಬ್ಯಾಡ, ಅದಕ್ಕ ಆರಾಮಿಲ್ಲ" ಎಂದಳು ಆತ್ಯಾ.

"ಮತ್ತ ಮಾವಿನಕಾಯಿ ಎಲ್ಲಿ ಹಾಕ್ತೀರಿ ಅಮ್ಮಾರ?"

"ಈ ವರ್ಷ ಹಾಕೂದಿಲ್ಲ. ಗುಳಂಬ ಮಾಡ್ತೀನಿ."

ಗುಳಂಬಕ್ಕೆ ಡಬ್ಬಿ ಸಾಕು. ಅವನಿಗೆ ಬೇಸರವಾಯಿತು, ತೋರಿಸಿಕೊಳ್ಳಲಿಲ್ಲ. ಬೆಲ್ಲದಲ್ಲಿ ಕುದಿಸಿದ ಮಾವಿನಕಾಯಿ ಭಕ್ರಿಗೆ ಹೊಂದುವುದಿಲ್ಲ ಎಂದು ಗೇಟಿನ ಹತ್ತಿರ ನನ್ನೊಬ್ಬನಿಗೆ ಹೇಳಿ ಹೋದ.

ಕಮಲ ಬದುಕುತ್ತದೋ ಇಲ್ಲವೋ ಎಂದು ನಾನು ಕಚೇರಿಯಿಂದ ಫೋನ್ ಮಾಡುತ್ತಿದ್ದೆ. ಆತ್ಯಾ ಫೋನ್ ಎತ್ತಿ, "ಗ್ಯಾಸ್ ಬಂದ್ ಮಾಡೀನಿ. ಕಮಲ ಹಂಗಽ ಅದ" ಎಂದು ಇಟ್ಟುಬಿಡುತ್ತಿದ್ದಳು. ಅವಳು ಆ ದಿನಗಳಲ್ಲಿ ತನ್ನ ತಪ್ಪು ಎಂದು ಒಮ್ಮೆಯೂ ಅನ್ನಲಿಲ್ಲ, ನನ್ನ ತಪ್ಪು ಎಂದೂ ಅನ್ನಲಿಲ್ಲ. ಊಟಕ್ಕೆ ಮಾತ್ರ ಹೊತ್ತು ಮಾಡಿ ಕೂರುತ್ತಿದ್ದಳು, ಎರಡು ತುತ್ತು ತಿಂದು ಏಳುತ್ತಿದ್ದಳು.

ಒಂದು ದಿನ ಫೋನ್ ಅವಳೇ ಮಾಡಿದಳು. ಹೀಗೆ ಅವಳು ನನ್ನ ಕಚೇರಿಯ ಹೊತ್ತಿನಲ್ಲಿ ಮಾಡಿದ್ದು ಹಿಂದೆಂದೂ ಇರಲಿಲ್ಲ.

"ಒಂದು ಬಾಜೂ ಬಿಚ್ಚೇದ" ಎಂದಳು. "ಪೂರ್ತಿ ಅಲ್ಲ. ಒಂದಽ ಬಾಜೂ."

"ಊಟ ಆತೇನು ಆತ್ಯಾ?"

"ಈಗ ಕೂಡ್ತೀನಿ."

ಕಮಲ ಮತ್ತೆ ದೊಡ್ಡ ತೊಟ್ಟಿಗೆ ಹೋದಾಗ ಮೊದಲಿನ ಅರ್ಧದಷ್ಟಿತ್ತು. ಕ್ಲೌನ್ ಮೀನುಗಳು ಅನುಮಾನದಿಂದ ಎರಡು ಸುತ್ತು ಹಾಕಿ ಒಳಗೆ ಸೇರಿಕೊಂಡವು. ಸಿಗಡಿಯ ಜಾಗಕ್ಕೆ ನಾನು ಇನ್ನೊಂದನ್ನು ತರಲಿಲ್ಲ. ನೀಲಿ ಟ್ಯಾಂಗು, ಎಲ್ಲಾ ಗದ್ದಲಕ್ಕೆ ಮೂಲವಾದದ್ದು, ಈ ಅವಧಿಯಲ್ಲಿ ಸಣ್ಣ ತೊಟ್ಟಿಯಲ್ಲಿ ಗುಣವಾಗಿ, ದಪ್ಪಗಾಗಿ, ಮೈಲಿಗೆ ಕಳೆದು ದೊಡ್ಡ ತೊಟ್ಟಿಗೆ ಬಂತು. ಎಲ್ಲರಿಗಿಂತ ಆರಾಮವಾಗಿ ಇದ್ದದ್ದು ಅದೇ. ಆತ್ಯಾ ಅದನ್ನು ಈಗಲೂ ನೋಡುವುದಿಲ್ಲ. ನೋಡಿದರೂ ಅವಳ ಕಣ್ಣಿಗೆ ಅದು ನಿಲ್ಲುವುದಿಲ್ಲ.

ಭರಣಿ ಅಡುಗೆ ಮನೆಗೆ ತಿರುಗಿ ಹೋಗಲಿಲ್ಲ. ತೊಟ್ಟಿಯ ಪಕ್ಕದಲ್ಲೇ ಇದೆ, ಅದರಲ್ಲಿ ಯಂತ್ರದ ನೀರು ತುಂಬಿಡುತ್ತೇವೆ. ನೀರು ಹಾಕುವ ಕೆಲಸ ಇನ್ನು ನಾನೇ ಮಾಡುತ್ತೇನೆ ಎಂದು ನಾನು ಎಷ್ಟು ಹೇಳಿದರೂ ಆತ್ಯಾ ಬಿಟ್ಟುಕೊಡಲಿಲ್ಲ. ಈಗ ಅವಳದೊಂದು ಕ್ರಮ ಇದೆ, ಅದನ್ನು ನಾನು ಹೇಳಿಕೊಟ್ಟದ್ದಲ್ಲ. ಹೇಳಿಕೊಡುವುದನ್ನು ನಾನು ಬಿಟ್ಟಿದ್ದೇನೆ. ಬೆಳಿಗ್ಗೆ ತಾಮ್ರದ ಪಾತ್ರೆಗಳಲ್ಲಿ ಪೂಜೆ ಮಾಡುತ್ತಾಳೆ, ತಾಮ್ರದ ಚಮಚೆಯಿಂದ ನಮಗೆ ತೀರ್ಥ ಕೊಡುತ್ತಾಳೆ. ಆಮೇಲೆ ಬೆರಳಿನ ತಾಮ್ರದ ಉಂಗುರ ಬಿಚ್ಚಿ ದೇವರ ಮುಂದಿಡುತ್ತಾಳೆ. ಹಿತ್ತಲಿಗೆ ಹೋಗಿ, ದೇವರನ್ನು ಮುಟ್ಟಿದ ಕೈಯನ್ನು ಎರಡು ಸಲ ತೊಳೆದುಕೊಂಡು, ಆಮೇಲೆ ಮೀನಿನ ಹತ್ತಿರ ಬರುತ್ತಾಳೆ.

ಉಂಗುರ ಬಿಚ್ಚಲು ಮರೆತು ಬಂದಾಳು ಎಂದು ನಾನು ಬಾಗಿಲ ಹಿಂದೆ ನಿಂತು ನೋಡುತ್ತೇನೆ. ಇಷ್ಟು ದಿನದಲ್ಲಿ ಒಮ್ಮೆಯೂ ಮರೆತಿಲ್ಲ. ನಾನು ಎರಡು ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ.